ಎರಡು ಚಿಲಕ

ಬೊಗಳುವ ನಾಯಿ ಕಚ್ಚುವುದಿಲ್ಲವಂತೆ.
ಸೆದ್ರಾಕನ ನಾಯಿ ಬೊಗಳುವುದೇ ಇಲ್ಲ.
ಈಗ ನಾನು ಏನೆಂದು ತಿಳಿಯಲಿ?

ಬೆಟ್ಟದ ಮೇಲಿನ ಕುರಿಗಳನ್ನೆಲ್ಲ ಮಾರಿ
ಹೋದ ಚಳಿಗಾಲ ಅವನು ಅರೇನಿಗೆ ಇಳಿದು ಬಂದ,
ತೀರಿಹೋದ ತಂಗಿಯ ಮನೆಗೆ, ನಮ್ಮ ಕಲ್ಲುಗೋಡೆಯ ಆಚೆಗೆ.
ಒಂದು ಕಬ್ಬಿಣದ ಒಲೆ, ಎರಡು ಕಂಬಳಿ,
ಮತ್ತು ಕರುವಿನಷ್ಟು ಎತ್ತರದ ಬೋಘಾರ್.
ಕುತ್ತಿಗೆಯಲ್ಲಿ ಕೂದಲು ಬಾರದ ಒಂದು ಗೆರೆ,
ತೋಳದ ಹಲ್ಲು ಎಳೆದದ್ದು.

"ಅದರ ಕಿವಿ ಎಲ್ಲಿ?" ಕೇಳಿದಳು ಮರೋ.
"ತೋಳದ ಬಾಯಿಗೆ ಸಿಗಬಾರದು ಅಂತ
ಮರಿಯಿದ್ದಾಗಲೇ ಕತ್ತರಿಸಿದೆ" ಅಂದ ಸೆದ್ರಾಕ್,
ಉಗುರು ಕತ್ತರಿಸಿದ ಹಾಗೆ.
ಆ ರಾತ್ರಿ ಅವಳು ಕಿವಿಗಳೆರಡನ್ನೂ
ಅಂಗೈಯಲ್ಲಿ ಮುಚ್ಚಿಕೊಂಡು ಮಲಗಿದಳು.

ನಾನು ಲೆಕ್ಕ ಹಾಕಿದೆ, ಕಾಯಬೇಕಾದ್ದು ಏನೇನು ಎಂದು:
ಏಳು ತುಂಬಿದ ಮರೋ,
ನಡೆಯುವ ಮೊದಲೇ ಓಡಲು ಕಲಿತ ವಾಚೆ,
ಮೂರು ಮೊಲ,
ಊರಿನ ಗೋಡೆಗಳೆಲ್ಲ ತನ್ನ ಹೆಸರಿಗಿವೆ ಎಂಬಂತೆ ಓಡಾಡುವ ಬೆಕ್ಕು.
ಹಿಪ್ಪುನೇರಳೆ ಮರದ ಬುಡ ಅವನ ಕಡೆ, ಅರ್ಧ ಕೊಂಬೆ ನಮ್ಮ ಕಡೆ.
ಜೂನಿನಲ್ಲಿ ಹಣ್ಣು ಎತ್ತ ಬೀಳಬೇಕೆಂದು
ಯಾರನ್ನೂ ಕೇಳುವುದಿಲ್ಲ.

ಮಕ್ಕಳಿಗೆ ಹೇಳಿಕೊಟ್ಟೆ, ಹಿಟ್ಟು ನಾದುತ್ತ, ಬಟ್ಟೆ ಹಿಂಡುತ್ತ:
ಅದು ತಿನ್ನುವಾಗ ಹತ್ತಿರ ಹೋಗಬೇಡಿ.
ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ.
ಬಂದೇಬಿಟ್ಟರೆ ಓಡಬೇಡಿ, ಮರವಾಗಿ.
ಮರವಾಗುವುದೆಂದರೆ ಹೇಗೆ? ಅಂದ ವಾಚೆ.
ಕೈ ಕೆಳಗೆ, ಬಾಯಿ ಬಂದ್.
ಐದು ಎಣಿಸುವಷ್ಟರಲ್ಲಿ ಅವನ ಮರಕ್ಕೆ ಕಾಲು ಬಂದಿರುತ್ತಿತ್ತು.

ಮಂಜು ಕರಗಿ ಗೋಡೆಯ ತಳದ ಕಲ್ಲೊಂದು ಸಡಿಲಿತ್ತು.
ಸೆದ್ರಾಕ್ ನೋಡಿದ್ದ. ನಾನೂ ನೋಡಿದ್ದೆ.
ನಾಳೆ, ಅಂದುಕೊಂಡಿದ್ದೆವು ಇಬ್ಬರೂ, ಬೇರೆ ಬೇರೆ.

ಮೊದಲು ಬಿಳಿ ಮೊಲ ನುಸುಳಿತು, ಅದರ ಹಿಂದೆ ವಾಚೆ.
ನಾನು ಏಣಿ ಹತ್ತಿ ನೋಡುವಾಗ
ಅವನು ಅಂಗಳದ ನಡುವೆ ನಿಂತಿದ್ದ,
ಕೈ ಕೆಳಗೆ, ಬಾಯಿ ಬಂದ್, ಚಡ್ಡಿ ಒದ್ದೆ.
ಬೋಘಾರ್ ಅವನ ಹೊಟ್ಟೆ ಮೂಸಿತು,
ಕೊರಳು ಮೂಸಿತು.
ನನ್ನ ಕೂಗು ಗಂಟಲಲ್ಲೇ ಕಲ್ಲಾಯಿತು, ಅದೂ ಒಳ್ಳೆಯದೇ ಆಯಿತು.
ಆಮೇಲೆ ಪೊದೆ ಅಲುಗಿತು,
ನಾಯಿ ಅತ್ತ ತಿರುಗಿತು.
ಮೊಲದ ಸದ್ದು ನಾನು ಮೊದಲ ಸಲ ಕೇಳಿದ್ದು ಆಗ.

ಕುರಿಮರಿ ಅಂದುಕೊಂಡಿತು ನಿನ್ನ ಮಗನನ್ನು,
ಅದಕ್ಕೇ ಬಿಟ್ಟಿತು ಎಂದರು ಊರವರು, ಕಣ್ಣೊರೆಸಿಕೊಂಡು.
ನಾಯಿ ಏನಂದುಕೊಂಡಿತೋ ನನಗೆ ತಿಳಿಯದು.
ತಿಳಿಯದ್ದರ ಮೇಲೆ ಮಗುವನ್ನು ಮಲಗಿಸಲಾಗದು.

ಸಂಜೆ ಸೆದ್ರಾಕ್ ಬಂದ,
ಹಳೇ ಪೇಪರಿನಲ್ಲಿ ಸುತ್ತಿದ ಮೊಲ ಒಂದು ಕೈಯಲ್ಲಿ,
ಇನ್ನೊಂದು ಕೈಯಲ್ಲಿ ಟೋಪಿ.
"ನೀನು ಹೇಳಿದರೆ ನಾಳೆಯೇ ಬೆಟ್ಟಕ್ಕೆ ಕೊಡುತ್ತೇನೆ ಅದನ್ನ.
ಹೇಳದಿದ್ದರೆ..." ಅಲ್ಲಿಗೆ ನಿಲ್ಲಿಸಿದ.
ಟೋಪಿಯ ಒಳಗಡೆ ಏನೋ ಬರೆದಿದೆಯೆಂಬಂತೆ ನೋಡುತ್ತಿದ್ದ.
ಸಿಮೆಂಟು ಇದೆಯೇ ನಿನ್ನ ಹತ್ತಿರ, ಕೇಳಿದೆ.

ಮೂರು ದಿನ ಕಟ್ಟಿದೆವು. ಅವನು ಆ ಕಡೆ, ನಾನು ಈ ಕಡೆ,
ನಡುವೆ ಕಲ್ಲು, ಕಲ್ಲಿನ ಮೇಲೆ ಬೈಗುಳ,
ಮಧ್ಯಾಹ್ನ ಲವಾಶು, ಚೀಸು.
ಹಣ್ಣಿನ ಕಾಲಕ್ಕೆಂದು ಒಂದು ಬಾಗಿಲಿಟ್ಟೆವು, ಅದಕ್ಕೆ ಎರಡು ಚಿಲಕ.
ಅವನದು ಅವನ ಕಡೆ, ನನ್ನದು ನನ್ನ ಕಡೆ.
ಎರಡೂ ತೆಗೆಯದೆ ತೆರೆಯುವುದಿಲ್ಲ.
ಬೋಘಾರ್ ಸರಪಳಿಯಲ್ಲಿದ್ದಾಗ ಮಾತ್ರ ಮಕ್ಕಳು ಬುಟ್ಟಿ ಹಿಡಿದು ದಾಟುತ್ತಾರೆ,
ಸೆದ್ರಾಕ್ ನಾಯಿಯ ಪಕ್ಕ ಸ್ಟೂಲು ಹಾಕಿ ಕೂತಿರುತ್ತಾನೆ,
ಹಣ್ಣು ಮುಗಿಯುವ ತನಕ ಏಳುವುದಿಲ್ಲ.
ಬೆಕ್ಕಿಗೆ ಮಾತ್ರ ಯಾವ ಕಾನೂನೂ ಒಪ್ಪಿಗೆಯಿಲ್ಲ.

ಕತ್ತಲಾದರೆ ಆಚೆಯಿಂದ ಒಂದು ದನಿ: "ಹಾಕಿದೆ!"
ಈಚೆಯಿಂದ ನಾನು: "ಹಾಕಿದೆ!"
ಇದಕ್ಕಿಂತ ಹೆಚ್ಚು ಮಾತಾಡದ ದಿನಗಳೂ ಇವೆ.

ಮೊನ್ನೆ ನಡುರಾತ್ರಿ ಬೋಘಾರ್ ಬೊಗಳಿತು.
ಮನೆಯೆಲ್ಲ ಎದ್ದು ಕೂತಿತು.
ಗೋಡೆಯಾಚೆ ಮುದುಕನ ಕೆಮ್ಮು, ಆಮೇಲೆ ಮಾತು:
"ಏನಿಲ್ಲ, ಕನಸು ಕಂಡಿತು. ಕುರಿಗಳದ್ದು. ಮಲಗಿ."

ಮಕ್ಕಳು ಮಲಗಿದರು.
ನಾನು ಬರಿಗಾಲಲ್ಲಿ ಅಂಗಳಕ್ಕೆ ಹೋಗಿ
ಚಿಲಕ ಮುಟ್ಟಿ ನೋಡಿ ಬಂದೆ.
ತಣ್ಣಗಿತ್ತು.