ಚೌಕ ಕಾಲಿನ ಪ್ಲಗ್ಗು

ಡಬ್ಲಿನ್‌ಗೆ ಹೊರಟ ನರ್ಸು ಶಂಷಾದ್
ಮಂಡಿಪೇಟೆಯ ನಮ್ಮಂಗಡಿಯಲ್ಲಿ ಮಿಕ್ಸಿ ಆರಿಸಿದಳು.
ಅಲ್ಲಿಯ ಗೋಡೆಗೆ ಚೌಕ ಕಾಲಿನ ಪ್ಲಗ್ಗೇ ಆಗಬೇಕಂತೆ.
ದುಂಡು ಕಾಲಿನದು ಕತ್ತರಿಸಿ ಕೂಡಿಸಿಕೊಟ್ಟೆ.
ಹರಿಹರದ ಹೊಳೆ ದಾಟಿದ್ದೇ ಅಪರೂಪ ನಾನು;
ನಾನು ಬಿಗಿದ ಸ್ಕ್ರೂಗಳು
ಮಸ್ಕತ್ತು, ಕುವೈತು ನೋಡಿವೆ.

ವಾರಂಟಿ ದಾವಣಗೆರೆ ದಾಟಲ್ಲ ತಾಯಿ.
ತಳದಲ್ಲಿ ನನ್ನ ನಂಬರು ಗೀಚಿದೀನಿ.
ಸುಟ್ಟ ವಾಸನೆ ಬಂದ್ರೆ ಎಸೀಬೇಡ,
ಫೋನು ಹತ್ರ ಹಿಡಿ,
ಸದ್ದು ಕೇಳಿ ಹೇಳ್ತೀನಿ
ಬುಷ್ಷೋ, ಕಾರ್ಬನ್ನೋ.

ಮೊನ್ನೆ ನಡುರಾತ್ರಿ ಬಂತು ಕರೆ.
ಮಾತಿಲ್ಲ. ಬರೀ ಗುರ್‍ರ್.
ಎದ್ದು ಕೂತು, ಕಣ್ಣು ಮುಚ್ಚಿ ಕೇಳಿದೆ.
ಖಾಲಿ ಜಾರು. ಮೋಟರು ನುಣ್ಣಗೆ ಓಡುತ್ತಿತ್ತು.

"ಏನೂ ಆಗಿಲ್ವಲ್ಲಮ್ಮ ಇದಕ್ಕೆ" ಅಂದೆ.

"ಗೊತ್ತು" ಅಂದಳು.
ಇನ್ನೊಮ್ಮೆ ತಿರುಗಿಸಿದಳು.