ಷರಾ

ಮಂಡಕ್ಕಿ ಭಟ್ಟಿಗಳ ಬೀದಿಯ ನಮ್ಮ ಶಾಲೆಗೆ
ತಪಾಸಣೆಯ ಜೀಪು ಬಂತು.
ತೂಕದ ಯಂತ್ರ ಹತ್ತಿದ ಹಾಲೇಶಿ,
ಹೋದ ಸಲ ಕಡಿಮೆ ತೂಗಿ ಬೈಸಿಕೊಂಡವನು,
ಈ ಸಲ ಎರಡೂ ಜೇಬು ಉಬ್ಬಿಸಿಕೊಂಡು.
ನರ್ಸಮ್ಮ ಖಾಲಿ ಮಾಡಿಸಿದರು: ಬರೀ ಮಂಡಕ್ಕಿ.
ಮುಳ್ಳು ಕದಲಲಿಲ್ಲ.
"ಅಯ್ಯೋ ಮಂಕೇ, ಕಲ್ಲಾದ್ರೂ ತುಂಬ್ಕಬಾರ್ದಿತ್ತಾ?"
ಅವನೂ ನಕ್ಕು, ಆಕೆಗೊಂದು ಹಿಡಿ ಕೊಟ್ಟ.

ಹಲ್ಲು, ಉಗುರು, ಕೆಳರೆಪ್ಪೆಯ ಬಿಳುಪು, ತಲೆಯ ಹೇನು,
ನಾನು ಕೂತು ವಹಿ ತುಂಬುತ್ತಿದ್ದೆ.
ಕೊನೆಯ ಕಾಲಮ್ಮು, ಷರಾ.
ಬಹಳ ಮಕ್ಕಳಿಗೆ ಅಲ್ಲೊಂದು ಅಡ್ಡಗೀಟು,
'ಏನಿಲ್ಲ' ಎಂದು ಬರೆಯಲೂ ಸೋಮಾರಿತನ ನನಗೆ.

ಕಿವಿಗೆ ಯಂತ್ರವಿಲ್ಲ.
ಒಂದು ಕಿವಿ ಮುಚ್ಚಿಸಿ, ಬೆನ್ನ ಹಿಂದೆ ಮಾರು ದೂರ ನಿಂತು
ಡಾಕ್ಟರಮ್ಮ ಪಿಸುಗುಡುತ್ತಾರೆ,
"ಬೆಣ್ಣೆದೋಸೆ."
ಕೇಳಿದ್ದನ್ನು ತಿರುಗಿ ಹೇಳಬೇಕು.
"ಬೆಣ್ಣೆದೋಸೆ!" ಕಿರುಚಿದರು ಒಬ್ಬೊಬ್ಬರೂ,
ಸಾಲಿನಲ್ಲಿದ್ದವರೂ, ಸರದಿ ಮುಗಿದವರೂ.
"ನಮ್ಮಪ್ಪ ಕೊಡ್ಸಲ್ಲ ಮೇಡಂ" ಅಂದ ಒಬ್ಬ.

ಮುಬೀನಾಳ ಬಲಗಿವಿಗೆ ದೋಸೆ ತಲುಪಿತು.
ಎಡಕ್ಕೆ ಬೆಣ್ಣೆಯೂ ಇಲ್ಲ, ದೋಸೆಯೂ ಇಲ್ಲ.
ಮತ್ತೆ ಹೇಳಿದರು. ಹತ್ತಿರ ಬಂದು ಹೇಳಿದರು.
ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು
ಉತ್ತರ ಹೇಳಿಕೊಡುವೆನೋ ಎಂದು.

ಜೂನಿನಲ್ಲಿ ಅವಳ ಅಮ್ಮನನ್ನು ಕರೆಸಿ ಅಂದಿದ್ದೆ,
"ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾಳೆ ನಿಮ್ಮ ಹುಡುಗಿ."
ಬಿಡಲು ಆ ಕಿವಿ ತೆರೆದೇ ಇರಲಿಲ್ಲ.
ಕೇಳಿದ್ದೆಲ್ಲ ಒಳಗೇ ಉಳಿದಿದೆ,
ನಾನು ಬೈದದ್ದೂ.

ಏಳರ ಮಗ್ಗಿ ತಪ್ಪಿದ ದಿನ ಕಿವಿ ಹಿಂಡಿದ್ದೆ.
ಎದುರು ನಿಂತ ಮಗುವಿನ ಎಡಗಿವಿ
ನನ್ನ ಬಲಗೈಗೆ ಸಲೀಸು.

ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು.
ಹಳೇ ಸೋರಿಕೆ, ತಮಟೆಯಲ್ಲಿ ತೂತು,
ಚಿಗಟೇರಿ ಆಸ್ಪತ್ರೆಗೆ ಚೀಟಿ.
ಸರಿಹೋಗಬಹುದು, ಅಂದರು. ಹೋಗಲೂಬಹುದು.
"ಯಾವಾಗಿಂದಮ್ಮ ಕೇಳಲ್ಲ?"
ಮುಬೀನಾ ಓಲೆ ತಿರುವುತ್ತ ಯೋಚಿಸಿದಳು.
"ಎಲ್ರಿಗೂ ಎರಡೂ ಕೇಳ್ತಾವಾ ಮಿಸ್?"

ಷರಾದ ಕಾಲಮ್ಮು ಒಂದೂವರೆ ಬೆರಳಗಲ.
'ಎಡಗಿವಿ' ಎಂದು ಬರೆದೆ,
ಪೆನ್ನು ಎತ್ತಲಾಗದೆ ಅದನ್ನೇ ಎರಡು ಸಲ ತಿದ್ದಿದೆ.
ಆಮೇಲೆ ಮುಂದಿನ ಹೆಸರು ಕೂಗಿದೆ.
ಮೆಲ್ಲಗೆ ಕೂಗಿದೆನೇನೋ,
ಯಾರೂ ಏಳಲಿಲ್ಲ.