ಐದು ಸೆಕೆಂಡು ಮೌನ

ದುರ್ಗಿಗುಡಿಯಲ್ಲಿ, ಟೈಲರ್ ಅಂಗಡಿಯ ಮೇಲೆ ನನ್ನ ಕೋಣೆ.
ಕಿಟಕಿಗೆ ಹಾಸಿಗೆ ಒರಗಿಸಿದ್ದೇನೆ,
ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದ್ದೇನೆ.
ಆದರೂ ಒಳಗೆ ಬರುತ್ತದೆ
ಸಾಗ್ರಾ ಸಾಗ್ರಾ ಸಾಗ್ರಾ ಎನ್ನುವ ಬಸ್ಸಿನವನ ಗಂಟಲು,
ಕೆಳಗಿನ ಮೆಷಿನ್ನಿನ ಟಕಟಕ.

ಬಲಗಿವಿಗೆ ಜುಲೇಖಾ ಟೀಚರ್.
ಎಡಗಿವಿಗೆ ಅವನು:
ಕಂಪ್ಯೂಟರಿನೊಳಗಿನ ಮಾತುಗಾರ, ಮೂಗಿನಲ್ಲಿ ಕನ್ನಡ ಆಡುವವನು,
ಒತ್ತಕ್ಷರ ಎಡವಿದರೂ ನಿಲ್ಲದವನು,
ಒಂದೇ ಒಂದು ಉಸಿರಿಲ್ಲದೆ ಪುಟ ಮುಗಿಸುವವನು.

ಮೊದಲ ವಾರ ಅವನೂ ರೆಕಾರ್ಡ್ ಆಗಿಬಿಟ್ಟ.
ಪಿಯುಸಿ ಅರ್ಥಶಾಸ್ತ್ರ, ಮೂರನೇ ಅಧ್ಯಾಯ:
‘ಬೇಡಿಕೆ ಹೆಚ್ಚಿದಾಗ ಬೆಲೆಯು ಬಟನ್ ಒತ್ತಲಾಗಿದೆ ಏರುತ್ತದೆ.’
ಅಂಧ ಹುಡುಗಿಯರ ಹಾಸ್ಟೆಲಿನಲ್ಲಿ ಬಿದ್ದೂ ಬಿದ್ದೂ ನಕ್ಕರಂತೆ.
ಒಬ್ಬಳು ಪರೀಕ್ಷೆಯಲ್ಲಿ ಹಾಗೇ ಬರೆಸಿ ಬಂದಳಂತೆ.

ಹೆಡ್‌ಫೋನ್ ಹಾಕ್ಕೊಳೇ ಮಾರಾಯ್ತಿ,
ಎಂದರು ಫೋನಿನಲ್ಲಿ ಬೆನೆಡಿಕ್ಟ್ ಮಾಸ್ತರು.
ಅವರಿಗೂ ಕಾಣದು. ತೀರ್ಥಹಳ್ಳಿಯಲ್ಲಿ ಕೂತು
ನನ್ನ ಬೆರಳಿಗೆ ದಾರಿ ಹೇಳುತ್ತಾರೆ:
ಎಡ ಆವರಣ ಒತ್ತು, ಅಲ್ಲಿಂದ ಹಿಡಿ.
ಬಲ ಆವರಣ, ಅಲ್ಲಿಗೆ ಬಿಡು.
ಈಗ ಡಿಲೀಟು.
ಸೌತೆಕಾಯಿ ಹೆಚ್ಚುತ್ತೀಯಲ್ಲ,
ತೊಟ್ಟೆಲ್ಲಿ ತುದಿಯೆಲ್ಲಿ ಅಂತ ಯಾರು ತೋರಿಸಿದರು?

ಎದುರುಮನೆ ಧನುಷ್ ಪರದೆ ನೋಡಿ ಹೇಳಿದ,
ಅಕ್ಕಾ, ಟೀಚರ್ ದನಿ ಕಂಬಳಿಹುಳದ ಥರ ಇದೆ, ನೀಲಿ.
ನೀಲಿ ಹೇಗೋ ನಾ ಕಾಣೆ.
ಕಂಬಳಿಹುಳ ಗೊತ್ತು. ಒಮ್ಮೆ ಕತ್ತಿನ ಮೇಲೆ ಹರಿದಿತ್ತು,
ಮೂರು ದಿನ ತುರಿಸಿತ್ತು.

ಕೆಮ್ಮು ತೆಗೆದೆ. ಪುಟ ಮಗುಚಿದ್ದು ತೆಗೆದೆ.
ಕುಕ್ಕರಿನ ಎರಡನೇ ಕೂಗು ತೆಗೆದೆ,
ಮೊದಲನೆಯದು ಒಂದು ಪದದ ಮೇಲೇ ಕೂತಿತ್ತು.
ಕೈ ಕುದುರಿದ ಉಮೇದಿನಲ್ಲಿ
ವಾಕ್ಯದ ಹಿಂದಿನ ಉಸಿರುಗಳನ್ನೂ ಕಿತ್ತೆ, ಕಾಳಿನಿಂದ ಕಲ್ಲು ಆರಿಸಿದ ಹಾಗೆ.
ಕೇಳಿದರೆ, ಟೀಚರ್ ಥೇಟ್ ಅವನೇ ಆಗಿಬಿಟ್ಟಿದ್ದರು.
ಕಂಟ್ರೋಲ್ ಝಡ್. ಕಂಟ್ರೋಲ್ ಝಡ್.
ನಲವತ್ತೊಂದು ಸಲ.
ಒಂದೊಂದೇ ಉಸಿರು ಅವರಿಗೆ ವಾಪಸು ಕೊಟ್ಟೆ.

ಇವತ್ತು ಹೊಸ ಪಾಠ, ಗದ್ದಲ ತೆಗೆಯುವುದು.
ಮೊದಲು ಅದಕ್ಕೆ ಮೌನ ತೋರಿಸಬೇಕಂತೆ,
ಯಾರೂ ಮಾತಾಡದ ಐದು ಸೆಕೆಂಡು.
ಟೀಚರ್ ಬಳೆಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತರು.
ಕೆಳಗೆ ಮೆಷಿನ್ ನಿಂತಿತ್ತು, ದಾರ ಹರಿದಿರಬೇಕು.
ಸಾಗರದ ಬಸ್ಸೂ ಹೊರಟಾಗಿತ್ತು.

ಆಗ ಕೇಳಿಸಿತು.
ತಲೆಗಿಂತ ಎತ್ತರದಲ್ಲಿ, ಗೋಡೆಯ ಕಡೆ,
ಸಣ್ಣಗೆ, ಬಿಡದೆ,
ಡಬ್ಬಿಯಲ್ಲಿ ಸಿಕ್ಕಿಕೊಂಡ ಜೇನುನೊಣ.
ಅದೇನು ಟೀಚರ್?
ಯಾವುದು? ಓ... ಟ್ಯೂಬ್‌ಲೈಟು ಕಣೇ. ಚೋಕು ಹಳೇದಾಗಿದೆ.
ಆರಿಸಿಬಿಟ್ಟರೆ ನಾನು ಹೇಗೆ ಓದಲಿ?

ಒಂಬತ್ತು ವರ್ಷದಿಂದ ಈ ಕೋಣೆಯಲ್ಲಿದ್ದೇನೆ.
ಅವರು ಬಂದಾಗ ಸ್ವಿಚ್ಚು ಟಕ್ ಎನ್ನುತ್ತದೆ,
ಹೋಗುವಾಗ ಇನ್ನೊಮ್ಮೆ.
ಆ ಎರಡು ಟಕ್ಕುಗಳ ನಡುವೆ
ಇಷ್ಟೊಂದು ಇತ್ತೆಂದು ಯಾರೂ ಹೇಳಿರಲಿಲ್ಲ.

ಅವರು ಇಳಿದು ಹೋದ ಮೇಲೆ
ಎಡ ಆವರಣ, ಬಲ ಆವರಣ,
ಐದು ಸೆಕೆಂಡು ಹಿಡಿದು ತೋರಿಸಿದೆ: ಇದು ಬೇಡ.
ಒಂದೇ ಒತ್ತಿಗೆ ಬೆಳಕು ಪೂರ್ತಿ ಹೋಯಿತು.
ಟೀಚರ್ ಕೊಡಪಾನದೊಳಗಿಂದ ಓದುತ್ತಿದ್ದರು,
ಸಕಾರಗಳೆಲ್ಲ ನೀರಾಗಿ, ಕೊನೆಯಕ್ಷರ ಮುಳುಗಿ.

ಮತ್ತೆ ಝಡ್.
ಹನ್ನೆರಡು ಡೆಸಿಬೆಲ್ ಇದ್ದದ್ದನ್ನು ಆರಕ್ಕೆ ಇಳಿಸಿದೆ.
ಈಗ ಅವರ ದನಿ ಅವರದೇ.
ನೊಣ ದೂರ ಹೋಗಿದೆ, ಹಿತ್ತಲಾಚೆ. ಸತ್ತಿಲ್ಲ.
ಹಾಸ್ಟೆಲಿನಲ್ಲಿ ಕಿವಿ ಚುರುಕಿದ್ದವಳೊಬ್ಬಳು
ಅದೇನದು ಎಂದು ಕೇಳಿಯಾಳು.

ಸೇವ್ ಎಂದೆ.
ಫೈಲಿನ ಹೆಸರು, ಎಂದ ಅವನು ಮೂಗಿನಲ್ಲಿ.
ಅಧ್ಯಾಯ ನಾಲ್ಕು, ಎಂದು ಬರೆದೆ.